ಪಶ್ಚಿಮ ಮೆಕ್ಸಿಕೋದ ಮೃಣ್ಮಯ ಮೂರ್ತಿಗಳು

ಶಿಲ್ಪವೆಂದೊಡನೆ ನಮ್ಮ ಮನಸ್ಸು ಕಲ್ಲಿನ ಕಡೆಗೆ ಹರಿಯುವುದು ಸಹಜವಾಗಿದೆ. ಪ್ರಾಚೀನ ಮೆಕ್ಸಿಕೋ ದೇಶದ ಕಲೆಯನ್ನು ಕುರಿತು ಬರೆದವರಲ್ಲಿಯೂ ಬಹುಮಂದಿ ತಿಯೋತಿಹುವಾಕಾನಿನ ಪಿರಮಿಡ್ಡುಗಳನ್ನೂ, ಮಾಯಾ ಜನರ ಶಾಸನಸ್ತಂಭಗಳನ್ನೂ, ಅಜ್ಟೆಕರ ದೇವತಾಶಿಲ್ಪಗಳನ್ನೂ ಮೊದಲು ವರ್ಣಿಸಿ, ಕೊನೆಗೆ ಸ್ಥಳ ಮಿಕ್ಕರೆ ಮಣ್ಣಿನ ಗೊಂಬೆಗಳ ಮಾತನ್ನು ಎತ್ತುವರು. ಗೊಂಬೆಯೆಂಬ ಹೆಸರೇ ಆ ವಸ್ತುಗಳ ಗೌರವವನ್ನು ಅರ್ಧ ತಗ್ಗಿಸಿಬಿಡುತ್ತದೆ. ಆದರೆ ಲಿಪಿಯನ್ನಾಗಲಿ ಅರಸರ ಹೆಸರುಗಳನ್ನಾಗಲಿ ನಮಗೆ ಬಿಟ್ಟುಹೋಗದ ಒಂದು ಜನಸಮುದಾಯವು ತನ್ನ ಬಾಳಿನ ಕಥೆಯನ್ನು ಮಣ್ಣಿಗೇ ಒಪ್ಪಿಸಿದ್ದ ಪಕ್ಷದಲ್ಲಿ, ಆ ಮಣ್ಣನ್ನು ಹಗುರವಾಗಿ ಎಣಿಸುವುದು ನ್ಯಾಯವೇ? ಪಶ್ಚಿಮ ಮೆಕ್ಸಿಕೋದ ಮೃಣ್ಮಯ ಮೂರ್ತಿಗಳ ವಿಷಯದಲ್ಲಿ ಈ ಪ್ರಶ್ನೆಯು ನಿಜವಾಗಿಯೂ ಏಳುತ್ತದೆ. ಆ ಮೂರ್ತಿಗಳಿಗೆ ವಿದ್ವಾಂಸರು ಹೇಳಿರುವ ಮೂರು ಅರ್ಥಗಳನ್ನು ಇಲ್ಲಿ ಪರಿಶೀಲಿಸಿ, ನಮಗೆ ಯುಕ್ತವೆಂದು ತೋರಿದ ಅಭಿಪ್ರಾಯವನ್ನು ವಾಚಕರ ಮುಂದಿಡುವೆವು.

೧

ಮೆಕ್ಸಿಕೋ ದೇಶದ ಪಶ್ಚಿಮ ಭಾಗದಲ್ಲಿ ಹಲಿಸ್ಕೋ, ನಯಾರಿತ್, ಕೊಲಿಮಾ ಎಂಬ ಮೂರು ಪ್ರಾಂತಗಳಿವೆ. ಇದು ಜ್ವಾಲಾಮುಖಿಗಳ ನಾಡು. ಇಲ್ಲಿ ಸುಮಾರು ಕ್ರಿ. ಪೂ. ೩೦೦ರಿಂದ ಕ್ರಿ. ಶ. ೪೦೦ರ ವರೆಗೆ ಬಾಳಿದ ಜನರು ತಮ್ಮಲ್ಲಿ ಹೆಸರುಳ್ಳವರನ್ನು ಹೂಳುವುದಕ್ಕೆ ವಿಶಿಷ್ಟವಾದೊಂದು ರೀತಿಯನ್ನು ಅನುಸರಿಸುತ್ತಿದ್ದರು. ಗಟ್ಟಿಯಾದ ನೆಲದಲ್ಲಿ ಬಾವಿಯಂತೆ ನೆಟ್ಟಗೆ ಒಂದು ಕೂಪವನ್ನು ತೋಡುವುದು. ಅದರ ತಳದಲ್ಲಿ ಪಕ್ಕಕ್ಕೆ ಒಂದೋ ಎರಡೋ ಮೂರೋ ಕೋಣೆಗಳನ್ನು ಕೊರೆಯುವುದು. ಕೋಣೆಯಲ್ಲಿ ಶವಗಳನ್ನು ಮಲಗಿಸಿ, ಸುತ್ತಲೂ ಪಾತ್ರೆಗಳನ್ನೂ ಶಂಖಗಳನ್ನೂ ಮಣ್ಣಿನ ಮೂರ್ತಿಗಳನ್ನೂ ಇರಿಸಿ, ಕೂಪವನ್ನು ಮತ್ತೆ ಮುಚ್ಚುವುದು. ಇವನ್ನು ಕೂಪಸಮಾಧಿಗಳೆಂದು ಕರೆಯಬಹುದು. ಕೆಲವು ಕೂಪಗಳ ಆಳ ಎರಡು ಮೂರು ಮೀಟರುಗಳಷ್ಟೇ. ಎತ್ಸಾತ್‌ಲಾನ್ ಪಟ್ಟಣದ ಬಳಿಯಲ್ಲಿ ಎಲ್ ಅರೆನಾಲ್ ಎಂಬಲ್ಲಿರುವುದರ ಆಳವಾದರೋ ಸುಮಾರು ೧೬ ಮೀಟರು. ಕಬ್ಬಿಣವನ್ನು ಕಾಣದ ಜನರು ಇಷ್ಟು ಆಳಕ್ಕೆ ನೆಲವನ್ನು ತೋಡಬೇಕಾಗಿದ್ದರೆ ಎಷ್ಟು ಕೈಗಳು, ಎಷ್ಟು ದಿನಗಳು, ಅಷ್ಟು ಕೈಗಳನ್ನು ಕರೆಸಬಲ್ಲ ಎಂತಹ ಮನೆತನ ಬೇಕಾಗಿತ್ತೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಮೂರ್ತಿಗಳನ್ನು ಮಾಡಿದ ಬಗೆಯನ್ನೂ ಗಮನಿಸಬೇಕು. ಕುಂಬಾರನ ತಿಗರಿಯು ಆ ಖಂಡದಲ್ಲಿ ಸ್ಪೇನರು ಬರುವವರೆಗೆ ಇರಲಿಲ್ಲ. ಎಲ್ಲವೂ ಕೈಯ ಕೆಲಸ. ದೊಡ್ಡ ಮೂರ್ತಿಗಳನ್ನು ಒಳಗೆ ಟೊಳ್ಳಾಗಿ ಕಟ್ಟಿ, ಮೇಲೆ ನುಣುಪಾದ ಬಣ್ಣದ ಮಣ್ಣಿನ ಲೇಪವನ್ನು ಕೊಟ್ಟು, ತಿಕ್ಕಿ ಹೊಳಪು ಬರಿಸಿ ಸುಡುತ್ತಿದ್ದರು. ಟೊಳ್ಳಾದ ದೊಡ್ಡ ಮೂರ್ತಿಯನ್ನು ಬಿರುಕಿಲ್ಲದೆ ಸುಡುವುದು ಸುಲಭವಾದ ಕೆಲಸವಲ್ಲವೆಂಬುದನ್ನು ಮಣ್ಣಿನ ಕೆಲಸ ಬಲ್ಲವರಿಗೆ ಹೇಳಬೇಕಾಗಿಲ್ಲ. ಪೂರ್ವದಲ್ಲಿ ತಿಯೋತಿಹುವಾಕಾನಿನಂತಹ ಮಹಾನಗರದಲ್ಲಿ ಅಚ್ಚುಗಳಿಂದ ಒಂದೇ ಬಗೆಯ ಚಿಕ್ಕ ಗೊಂಬೆಗಳನ್ನು ಸಾವಿರಗಟ್ಟಲೆ ಒತ್ತಿ ತೆಗೆಯುವ ರೂಢಿ ಬಂದಿತು. ಪಶ್ಚಿಮದ ಈ ದೊಡ್ಡ ಮೂರ್ತಿಗಳಲ್ಲಿ ಅಂತಹ ಏಕರೂಪತೆಯಿಲ್ಲ. ಶೈಲಿ ಒಂದೇ ಆದರೂ ವ್ಯಕ್ತಿ ಬೇರೆ ಬೇರೆ.

೨

ಮೂರು ಪ್ರಾಂತಗಳ ಕೆಲಸದಲ್ಲಿ ಭೇದವುಂಟು. ಕೊಲಿಮಾದ ಕುಶಲಿಗಳಿಗೆ ತುಂಬಿದ ಮೈಯ ಮೇಲೆ ಪ್ರೀತಿ. ಅಲ್ಲಿಯ ನಾಯಿಗಳು ಪ್ರಪಂಚದಲ್ಲೆಲ್ಲ ಪ್ರಸಿದ್ಧವಾಗಿವೆ. ಕೂದಲಿಲ್ಲದ, ಹೊಟ್ಟೆ ಉಬ್ಬಿದ, ಗಿಡ್ಡ ಕಾಲಿನ ಈ ಕೆಂಪು ನಾಯಿಗಳಲ್ಲಿ ಒಂದು ಮಲಗಿ ಸುರುಳಿಯಾಗಿದೆ. ಒಂದು ಬಾಯಲ್ಲಿ ಮೆಕ್ಕೆಜೋಳದ ತೆನೆಯನ್ನು ಕಚ್ಚಿಕೊಂಡಿದೆ. ಎರಡು ಎದುರುಬದುರಾಗಿ ನಿಂತು ಕುಣಿಯುವಂತಿವೆ. ಮತ್ತೊಂದು ಮನುಷ್ಯನ ಮುಖವಾಡವನ್ನು ಧರಿಸಿದೆ. ಶಿಲ್ಪಿಯು ಹೆಚ್ಚಿನ ರೇಖೆಗಳನ್ನು ಎಳೆಯುವುದಿಲ್ಲ. ಕಿವಿಯ ನಿಲುವು, ಕತ್ತಿನ ತಿರುವು, ಇಷ್ಟರಿಂದಲೇ ಪ್ರಾಣಿಗೆ ಜೀವ ಬಂದಿರುತ್ತದೆ. ಇವುಗಳಲ್ಲಿ ಅನೇಕವು ಬಾಯುಳ್ಳ ಪಾತ್ರೆಗಳೂ ಆಗಿವೆ ಎಂಬುದನ್ನು ಮರೆಯಬಾರದು.

ಹಲಿಸ್ಕೋದ ಅಮೆಕಾ, ಎತ್ಸಾತ್‌ಲಾನ್ ಪ್ರದೇಶದ ಮೂರ್ತಿಗಳು ಉದ್ದ ಮುಖದವು. ಮೂಗು ಚೂಪು, ಕಣ್ಣಿನ ಸುತ್ತ ಮಣ್ಣಿನ ಅಂಚು, ನೋಟ ಗಂಭೀರ. ಮಗುವನ್ನೆತ್ತಿಕೊಂಡ ತಾಯಿ, ಪಾತ್ರೆಯನ್ನು ಹಿಡಿದ ಹೆಂಗಸು, ಪೀಪಾಯಿಯಂತಹ ಕವಚವನ್ನು ತೊಟ್ಟು ಗದೆಯನ್ನು ಹಿಡಿದ ಯೋಧ ಇವರು ಇಲ್ಲಿಯ ಮುಖ್ಯ ಪಾತ್ರಗಳು.

ನಯಾರಿತ್ ಪ್ರಾಂತದ ಇಷ್ತ್‌ಲಾನ್ ದೆಲ್ ರೀಓ ಎಂಬ ಊರಿನ ಹೆಸರು ಪಡೆದ ಶೈಲಿಯಾದರೋ ಇನ್ನೊಂದು ಬಗೆಯದು. ದೊಡ್ಡ ತಲೆ, ಹಗ್ಗದಂತೆ ಸಣ್ಣನೆಯ ತೋಳು, ಬಾಯಿ ಅಗಲ, ಹಲ್ಲು ಹೊರಗೆ. ಗಂಡನೂ ಹೆಂಡತಿಯೂ ಜೋಡಿಯಾಗಿ ಕುಳಿತಿರುತ್ತಾರೆ. ಅವನ ಕೈಯಲ್ಲಿ ಬೀಸಣಿಗೆಯೋ ವಾದ್ಯವೋ, ಅವಳ ಕೈಯಲ್ಲಿ ಬಟ್ಟಲೋ ಮಗುವೋ ಇರುತ್ತದೆ. ಇದೇ ನಾಡಿನವರು ಮಣ್ಣಿನಲ್ಲಿ ಮನೆಗಳನ್ನೂ, ಊರನ್ನೂ, ಚೆಂಡಾಟದ ಅಂಗಣವನ್ನೂ ಸಣ್ಣದಾಗಿ ರಚಿಸಿದ್ದಾರೆ. ಅಂಗಣದ ಗೋಡೆಗಳ ಮೇಲೆ ನೋಟಕರು ಒತ್ತೊತ್ತಾಗಿ ಕುಳಿತಿದ್ದಾರೆ. ಮನೆಯ ಮೆಟ್ಟಿಲ ಮೇಲೆ ನಾಯಿ. ಜಗಲಿಯಲ್ಲಿ ಊಟಕ್ಕೆ ಕುಳಿತ ನೆಂಟರು.

ಇವನ್ನು ನೋಡಿದವರಲ್ಲಿ ಕೆಲವರು, ಈ ಜನರಿಗೆ ಅಂಗಪ್ರಮಾಣದ ಜ್ಞಾನವಿರಲಿಲ್ಲ, ತೋಳನ್ನು ಸರಿಯಾಗಿ ಮಾಡಲು ಬರುತ್ತಿರಲಿಲ್ಲ ಎಂದು ಹೇಳುವುದುಂಟು. ಈ ಆಕ್ಷೇಪಣೆಯು ನಿಲ್ಲುವಂತಹದಲ್ಲ. ತೋಳನ್ನು ಹಗ್ಗದಂತೆ ಬಿಟ್ಟ ಅದೇ ಕೈಯು ಕಿವಿಯಲ್ಲಿ ಸಾಲಾಗಿ ತೊಟ್ಟ ಬಳೆಗಳನ್ನು ಒಂದೊಂದಾಗಿ ಪೋಣಿಸಿದೆ. ಮೂಗಿನ ಆಭರಣವನ್ನು ತಪ್ಪದೆ ತೊಡಿಸಿದೆ. ಬಟ್ಟೆಯ ನೇಯ್ಗೆಯ ಚಿತ್ತಾರವನ್ನು ಬಣ್ಣದಿಂದ ಬಿಡಿಬಿಡಿಯಾಗಿ ಬರೆದಿದೆ. ನೋಡಲು ಬಲ್ಲ ಕಣ್ಣು ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದಿದ್ದರೆ ಅದು ಅಜ್ಞಾನವಲ್ಲ, ಆಯ್ಕೆ. ಶಿಲ್ಪಿಗೆ ಬೇಕಾಗಿದ್ದುದು ದೇಹದ ಅಳತೆಯಲ್ಲ. ಆ ದೇಹವು ಯಾರದು, ಯಾವ ಅಂತಸ್ತಿನದು, ಯಾರ ಜೊತೆಗೆ ಕುಳಿತದ್ದು ಎಂಬ ಗುರುತು. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ವಿಚಾರಕ್ಕೆ ಇದು ಆಧಾರವಾಗುವುದು.

೩

ಮೊದಲನೆಯ ಅರ್ಥವು ಚಿತ್ರಕಾರರಿಂದ ಬಂದುದು. ಪ್ರಸಿದ್ಧ ಭಿತ್ತಿಚಿತ್ರಕಾರನಾದ ದಿಯೇಗೋ ರಿವೇರಾ ಈ ಮೂರ್ತಿಗಳನ್ನು ಬಹಳ ಪ್ರೀತಿಯಿಂದ ಕೂಡಿಹಾಕಿದನು. ೧೯೪೬ರಲ್ಲಿ ಮೆಕ್ಸಿಕೋ ನಗರದ ಲಲಿತಕಲಾ ಭವನದಲ್ಲಿ ಪಶ್ಚಿಮ ಪ್ರಾಂತಗಳ ಪ್ರಾಚೀನ ಕಲೆಯ ಪ್ರದರ್ಶನವು ನಡೆದಾಗ ಅದರ ಬಹುಭಾಗವು ಅವನ ಸಂಗ್ರಹದಿಂದಲೇ ಬಂದಿತ್ತು. ಆ ಪ್ರಾಂತಗಳ ಮೂರ್ತಿಗಳಲ್ಲಿ ಅಜ್ಟೆಕರ ಭಯಂಕರ ದೇವತೆಗಳಾಗಲಿ, ಮಾಯಾ ಅರಸರ ಶಾಸನಗಳಾಗಲಿ ಕಾಣಿಸಲಿಲ್ಲ. ಕಂಡದ್ದು ಗಂಡ, ಹೆಂಡತಿ, ಮಗು, ನಾಯಿ, ಡೋಲು, ಊಟ. ಆದುದರಿಂದ ಇದು ದೇವರ ಕಲೆಯಲ್ಲ, ಜನಸಾಮಾನ್ಯರ ನಿತ್ಯಜೀವನದ ಕಲೆ, ನಗುನಗುತ್ತ ಬಾಳಿದ ಗ್ರಾಮಸ್ಥರ ಕಥಾಚಿತ್ರ ಎಂಬ ನಂಬಿಕೆ ಹಬ್ಬಿತು. ಮುಂದೆ ಹಾಸ್ಸೋ ಫಾನ್ ವಿನ್ನಿಂಗ್ ಎಂಬ ವಿದ್ವಾಂಸನು ಇಂತಹ ಗುಂಪುಮೂರ್ತಿಗಳನ್ನು ಕುರಿತು ೧೯೭೨ರಲ್ಲಿ ಪ್ರಕಟವಾದ ತನ್ನ ಗ್ರಂಥಕ್ಕೆ ಕಥನಶಿಲ್ಪವೆಂಬ ಅರ್ಥದ ಹೆಸರನ್ನೇ ಕೊಟ್ಟನು.

ಈ ಅಭಿಪ್ರಾಯದಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಮೂರ್ತಿಗಳು ಕಂಡದ್ದನ್ನೇ ಹೇಳುತ್ತವೆಂಬುದಕ್ಕೆ ಒಂದು ಒಳ್ಳೆಯ ಸಾಕ್ಷಿ ದೊರೆತಿದೆ. ನಯಾರಿತಿನ ಮಣ್ಣಿನ ಊರುಗಳಲ್ಲಿ ಕೆಲವು ದುಂಡಾಗಿವೆ: ನಡುವೆ ಮೆಟ್ಟಿಲುಮೆಟ್ಟಿಲಾದ ದಿಬ್ಬ, ಸುತ್ತಲೂ ಮನೆಗಳು, ಕೆಲವೆಡೆ ಮಧ್ಯದಲ್ಲಿ ಎತ್ತರವಾದ ಕಂಬ, ಅದರ ತುದಿಯಲ್ಲಿ ಹೊಟ್ಟೆಯ ಮೇಲೆ ಮಲಗಿ ತೂಗಿಸಿಕೊಂಡಿರುವ ಮನುಷ್ಯ. ಇದು ಕುಶಲಿಯ ಕಲ್ಪನೆಯೆಂದು ಎಣಿಸುವುದು ಸುಲಭವಾಗಿತ್ತು. ಆದರೆ ಹಲಿಸ್ಕೋದ ತೆಉಚಿತ್ಲಾನಿನ ಬಳಿ ಗ್ವಾಚಿಮೊಂತೋನೆಸ್ ಎಂಬಲ್ಲಿ ಫಿಲ್ ವೈಗಂಡ್ ಮತ್ತು ಅವರ ಪತ್ನಿ ಅಸೇಲಿಯಾ ಗಾರ್ಸಿಯಾ ಅವರು ೧೯೭೦ರ ಸುಮಾರಿನಿಂದ ನಡೆಸಿದ ಶೋಧನೆಯಿಂದ ಅದೇ ವಿನ್ಯಾಸವು ನೆಲದ ಮೇಲೆ ಪ್ರತ್ಯಕ್ಷವಾಯಿತು: ನಡುವೆ ದುಂಡನೆಯ ಸೋಪಾನದಿಬ್ಬ, ಸುತ್ತ ವರ್ತುಲವಾದ ಅಂಗಳ, ಅದರ ಅಂಚಿಗೆ ಮನೆಗಳನ್ನು ಹೊತ್ತಿದ್ದ ಜಗಲಿಗಳು. ಈ ಅವಶೇಷಗಳನ್ನೊಳಗೊಂಡ ಪ್ರದೇಶವು ೨೦೦೬ರಲ್ಲಿ ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಮಣ್ಣಿನ ಚಿಕ್ಕ ಊರು ಸುಳ್ಳು ಹೇಳಿರಲಿಲ್ಲ.

ಆದರೂ ನಿತ್ಯಜೀವನವೆಂಬ ಅರ್ಥವೊಂದೇ ಸಾಲದು. ಕಾರಣವೇನೆಂದರೆ, ಈ ಗುಂಪುಗಳಲ್ಲಿ ಒಂದು ಬಗೆಯದರಲ್ಲಿ ಜನರು ಸಾಲಾಗಿ ನಿಂತಿದ್ದಾರೆ. ಅವರೆಲ್ಲರ ಕೆನ್ನೆಗಳನ್ನೂ ತೂರಿಕೊಂಡು ಒಂದೇ ಸಲಾಕೆ ಹಾದುಹೋಗಿದೆ. ಇದು ಯಾವ ಹಳ್ಳಿಯ ನಿತ್ಯಜೀವನ? ಇದು ವ್ರತ, ಶೋಕ, ಇಲ್ಲವೆ ಹರಕೆ. ಮೇಲಾಗಿ, ಈ ಮೂರ್ತಿಗಳು ಸಿಕ್ಕಿದುದು ಮನೆಯ ಗೂಡಿನಲ್ಲಲ್ಲ, ಶವದ ಪಕ್ಕದಲ್ಲಿ. ಬದುಕಿದವರ ನಗುವನ್ನು ಸತ್ತವರ ಕೋಣೆಯಲ್ಲಿ ಏಕೆ ಇಟ್ಟರೆಂಬ ಪ್ರಶ್ನೆಗೆ ಈ ಪಕ್ಷದವರು ಉತ್ತರ ಕೊಡಲಿಲ್ಲ.

೪

ಆ ಪ್ರಶ್ನೆಯನ್ನೇ ಹಿಡಿದು ಎರಡನೆಯ ಅರ್ಥವನ್ನು ಹೇಳಿದವನು ಪೀಟರ್ ಫರ್ಸ್ಟ್. ೧೯೬೦ರ ದಶಕದ ನಡುವಿನಲ್ಲಿ ಇವನು ಯೋಧರೆಂದು ಹೆಸರಾಗಿದ್ದ ಮೂರ್ತಿಗಳನ್ನು ಸೂಕ್ಷ್ಮವಾಗಿ ನೋಡಿದನು. ಅವರಲ್ಲಿ ಹಲವರ ಹಣೆಯ ಮೇಲೆ ಒಂದು ಕೊಂಬು. ಮೈ ಎಡಕ್ಕೆ ತಿರುಗಿದೆ. ಆಯುಧವು ಹೊಡೆಯಲು ಸಿದ್ಧವಾಗಿದೆ. ಅದೇ ಬೆಟ್ಟಗಳಲ್ಲಿ ಇಂದಿಗೂ ವಾಸಿಸುವ ಹುಯಿಚೋಲ್ ಜನರ ಆಚಾರಗಳೊಡನೆ ಹೋಲಿಸಿ, ಇವರು ಯೋಧರಲ್ಲ, ಷಾಮನರು, ಎಂದರೆ ಆತ್ಮಲೋಕಕ್ಕೆ ಹೋಗಿಬರುವ ಮಂತ್ರವಾದಿಗಳು, ಸಮಾಧಿಯನ್ನು ದುಷ್ಟಶಕ್ತಿಗಳಿಂದ ಕಾಯುವುದಕ್ಕಾಗಿ ಅಲ್ಲಿ ನಿಲ್ಲಿಸಲ್ಪಟ್ಟವರು ಎಂದು ಅವನು ಸಾಧಿಸಿದನು. ಕೊಲಿಮಾದ ನಾಯಿಗೂ ಇಂತಹದೇ ವ್ಯಾಖ್ಯಾನವುಂಟು. ಸತ್ತವನನ್ನು ನಾಯಿಯು ಪರಲೋಕದ ಹೊಳೆಯನ್ನು ದಾಟಿಸುತ್ತದೆಂದು ಅಜ್ಟೆಕರು ನಂಬಿದ್ದ ವಿಷಯವನ್ನು ೧೬ನೆಯ ಶತಮಾನದಲ್ಲಿ ಬೆರ್ನಾರ್ದಿನೋ ದೆ ಸಹಾಗೂನ್ ಎಂಬ ಪಾದ್ರಿಯು ಬರೆದಿಟ್ಟಿದ್ದಾನೆ. ಆದುದರಿಂದ ಸಮಾಧಿಯ ನಾಯಿಯೂ ದಾರಿ ತೋರಿಸುವ ನಾಯಿಯೇ ಎನ್ನುವರು.

ಸಮಾಧಿಯನ್ನು ಸಮಾಧಿಯೆಂದು ನೆನಪಿಸಿದ್ದು ಈ ಪಕ್ಷದ ದೊಡ್ಡ ಉಪಕಾರ. ಆದರೆ ಇದರ ಕ್ರಮದಲ್ಲಿ ಒಂದು ದೋಷವಿದೆ. ಕೊಲಿಮಾದ ನಾಯಿಗಳಿಗೂ ಸಹಾಗೂನನಿಗೂ ನಡುವೆ ಸಾವಿರಕ್ಕೂ ಹೆಚ್ಚು ವರ್ಷಗಳ ಅಂತರ. ಕೂಪಸಮಾಧಿಯ ಜನರಿಗೂ ಈಗಿನ ಹುಯಿಚೋಲರಿಗೂ ನಡುವೆ ಅದಕ್ಕಿಂತಲೂ ಹೆಚ್ಚು. ಮೊಮ್ಮಗನ ಮಾತಿನಿಂದ ಮುತ್ತಜ್ಜನ ಮನಸ್ಸನ್ನು ಊಹಿಸಬಹುದು. ಆದರೆ ಊಹೆಯನ್ನು ಸಾಕ್ಷಿಯೆಂದು ಎಣಿಸಲಾಗದು. ಆ ಜನರು ನಾಯಿಯನ್ನು ಸಾಕಿ ಕೊಬ್ಬಿಸಿ ಔತಣದಲ್ಲಿ ತಿನ್ನುತ್ತಿದ್ದರೆಂಬುದೂ ಇದೆ. ಬಾಯಲ್ಲಿ ತೆನೆಯನ್ನು ಹಿಡಿದ ಉಬ್ಬಿದ ಹೊಟ್ಟೆಯ ನಾಯಿಯು ಸತ್ತವನಿಗೆ ದಾರಿಯೂ ಆಗಿರಬಹುದು, ಎಡೆಯೂ ಆಗಿರಬಹುದು. ಇನ್ನು ಕೊಂಬಿನ ಮಾತು. ಮಾರ್ಕ್ ಗ್ರಹಾಂ ಎಂಬ ಮತ್ತೊಬ್ಬ ವಿದ್ವಾಂಸನು ೧೯೯೮ರಲ್ಲಿ ಅದೇ ಕೊಂಬನ್ನು ಆಳುವವನ ಲಾಂಛನವೆಂದೂ ಶಂಖಕ್ಕೆ ಸಂಬಂಧಿಸಿದುದೆಂದೂ ವಿವರಿಸಿದನು. ಒಂದೇ ಗುರುತು ಒಬ್ಬನಿಗೆ ಮಂತ್ರವಾದಿಯಾಗಿಯೂ ಇನ್ನೊಬ್ಬನಿಗೆ ಒಡೆಯನಾಗಿಯೂ ತೋರಿದ ಮೇಲೆ, ಮೂರ್ತಿಯೊಂದನ್ನೇ ಎಷ್ಟು ಹೊತ್ತು ನೋಡಿದರೂ ವಿವಾದವು ತೀರದೆಂಬುದು ಸ್ಪಷ್ಟವಾಗುತ್ತದೆ. ತೀರ್ಪು ಬರಬೇಕಾದುದು ಅದು ನಿಂತಿದ್ದ ಸ್ಥಳದಿಂದ.

೫

ಆದರೆ ಆ ಸ್ಥಳವೇ ಬಹುಮಟ್ಟಿಗೆ ನಾಶವಾಗಿತ್ತು. ಗೋರಿಗಳನ್ನು ಅಗೆದು ಮಾರುವ ಕಸುಬು ಆ ನಾಡಿನಲ್ಲಿ ಹಳೆಯದು. ಮೂರ್ತಿಗಳನ್ನು ಅಲ್ಲಿಯ ಜನರು ಮೋನೋ ಎಂದೂ, ಅವನ್ನು ಅಗೆಯುವವನನ್ನು ಮೊನೇರೋ ಎಂದೂ ಕರೆಯುವರು. ಕಸುಬಿಗೊಂದು ಹೆಸರೇ ಹುಟ್ಟಿರಬೇಕಾದರೆ ಅದು ಎಷ್ಟು ಬೇರೂರಿರಬೇಕು! ಹೀಗಿರಲು ೧೯೯೩ರಲ್ಲಿ ಹಲಿಸ್ಕೋದ ಹುಯಿತ್ಸಿಲಾಪಾ ಎಂಬಲ್ಲಿ ಯಾರ ಕೈಯೂ ಸೋಕದ ಒಂದು ಕೂಪಸಮಾಧಿಯು ಲೊರೆನ್ಸಾ ಲೋಪೆಸ್ ಮೆಸ್ತಾಸ್ ಮತ್ತು ಹೋರ್ಹೆ ರಾಮೋಸ್ ಎಂಬ ಪುರಾತತ್ತ್ವಜ್ಞರಿಗೆ ದೊರಕಿದುದು ದೊಡ್ಡ ಭಾಗ್ಯವೆನ್ನಬೇಕು.

ಆ ಸಮಾಧಿಯ ಆಳ ಸುಮಾರು ೭.೬ ಮೀಟರು, ಕಾಲ ಸುಮಾರು ಕ್ರಿ. ಶ. ಒಂದನೆಯ ಶತಮಾನ. ತಳದಲ್ಲಿ ಎರಡು ಕೋಣೆ, ಕೋಣೆಗೆ ಮೂವರಂತೆ ಆರು ಮಂದಿ. ಅವರಲ್ಲಿ ಸುಮಾರು ೪೫ ವರ್ಷದ ಒಬ್ಬ ಪುರುಷನು ಮುಖ್ಯನು. ಹಸಿರು ಕಲ್ಲಿನ ಮಣಿಗಳು, ಮೂಗಿಗೂ ಕಿವಿಗೂ ಆಭರಣಗಳು, ಕೈಗೆ ಕಡಗಗಳು, ಚಿಪ್ಪಿನ ಮಣಿಗಳನ್ನು ಸಾವಿರಗಟ್ಟಲೆ ಹೊಲಿದ ವಸ್ತ್ರ, ಇವುಗಳಿಂದ ಅವನ ದೇಹವನ್ನು ಸಿಂಗರಿಸಿದ್ದರು. ಅವನಿಗೆ ಶಂಖಗಳನ್ನೂ ಒಪ್ಪಿಸಿದ್ದರು. ಶವಗಳ ಬಳಿಯಲ್ಲಿ ಆಹಾರವಿಡುವ ಪಾತ್ರೆಗಳೂ ಮಣ್ಣಿನ ಮೂರ್ತಿಗಳೂ ಇದ್ದುವು. ಎಲುಬುಗಳನ್ನು ಪರೀಕ್ಷಿಸಿದವರಿಗೆ, ಇವರಲ್ಲಿ ಹೆಚ್ಚಿನವರು ರಕ್ತಸಂಬಂಧಿಗಳಾಗಿದ್ದಿರಬೇಕೆಂಬುದಕ್ಕೆ ಹುಟ್ಟಿನಿಂದ ಬಂದ ಕುರುಹುಗಳೂ ಕಂಡುಬಂದುವು. ಎಂದರೆ, ಅದು ಒಬ್ಬ ಮಂತ್ರವಾದಿಯ ಗವಿಯಲ್ಲ. ಒಂದು ಮನೆತನದ ನೆಲಮನೆ. ಬೇರೆ ಕೆಲವು ಕೂಪಗಳಲ್ಲಿ ಹಳೆಯ ಎಲುಬುಗಳನ್ನು ಪಕ್ಕಕ್ಕೆ ಸರಿಸಿ ಹೊಸ ಶವಕ್ಕೆ ಎಡೆಮಾಡಿರುವುದನ್ನು ನೋಡಿದರೆ, ತಲೆಮಾರಿನ ಮೇಲೆ ತಲೆಮಾರು ಅದೇ ಬಾಗಿಲಿಗೆ ಬರುತ್ತಿತ್ತೆಂದು ತಿಳಿಯುತ್ತದೆ.

ಇದರಿಂದ ಮೂರನೆಯ ಅರ್ಥವು ಬಲವನ್ನು ಪಡೆಯಿತು. ಇದರ ಪ್ರಕಾರ ಈ ಮೂರ್ತಿಗಳು ಮನೆತನಗಳ ಕಲೆ. ಮದುವೆ, ಮಗು, ಯುದ್ಧ, ಚೆಂಡಾಟ, ಔತಣ, ಶೋಕ ಇವೆಲ್ಲವೂ ಒಂದು ಮನೆತನವು ತನ್ನ ಅಂತಸ್ತನ್ನು ಗಳಿಸುವ, ತೋರಿಸುವ, ಉಳಿಸಿಕೊಳ್ಳುವ ಸಂದರ್ಭಗಳು. ಕ್ರಿಸ್ಟಿ ಬಟರ್‌ವಿಕ್ ಎಂಬ ವಿದುಷಿಯು ಪಿತೃಗಳಿಗಾಗಿ ಮಾಡುತ್ತಿದ್ದ ಔತಣಗಳನ್ನು ಇದರ ಕೇಂದ್ರದಲ್ಲಿಟ್ಟು ವಿಚಾರಿಸಿದ್ದಾಳೆ. ಬಟ್ಟಲು ಹಿಡಿದ ಹೆಂಗಸು, ಪಾತ್ರೆಯೂ ಆಗಿರುವ ನಾಯಿ, ಜಗಲಿಯ ಮೇಲಿನ ಊಟ, ಸಮಾಧಿಯಲ್ಲಿ ನಿಜವಾಗಿ ಇಟ್ಟ ಆಹಾರದ ಪಾತ್ರೆ, ಇವೆಲ್ಲ ಆಗ ಒಂದೇ ಸೂತ್ರಕ್ಕೆ ಬರುತ್ತವೆ. ನಯಾರಿತಿನ ಎರಡಂತಸ್ತಿನ ಮನೆಗಳಲ್ಲಿ ಮೇಲಿನದು ಬದುಕಿದವರದು, ಕೆಳಗಿನದು ಸತ್ತವರದು ಎಂದು ಕೆಲವು ವಿದ್ವಾಂಸರು ಹೇಳಿರುವುದಕ್ಕೂ ಇಲ್ಲಿ ಅರ್ಥವುಂಟು.

೬

ಈಗ ನಮ್ಮ ಅಭಿಪ್ರಾಯ. ಮೂರನೆಯ ಅರ್ಥವನ್ನೇ ನಾವು ಒಪ್ಪುತ್ತೇವೆ. ಆದರೆ ಮೊದಲಿನ ಎರಡನ್ನೂ ತಳ್ಳಿಹಾಕಿ ಒಪ್ಪುವುದಿಲ್ಲ. ಕಲೆಯ ಗುಣವು ಈ ಅರ್ಥಕ್ಕೆ ತಾನೇ ಸಾಕ್ಷಿಯಾಗಿದೆಯೆಂಬುದು ನಮ್ಮ ಎಣಿಕೆ. ತೋಳನ್ನು ಬಿಟ್ಟು ಆಭರಣವನ್ನು ಎಣಿಸಿದ ಕೈಯನ್ನು ಮೇಲೆ ನೋಡಿದೆವಷ್ಟೆ. ಅಂತಸ್ತಿನ ಗುರುತುಗಳಲ್ಲಿಯೇ ಆ ಕೈಗೆ ಶ್ರದ್ಧೆ. ಹಾಗೆಂದು ಅದು ಕೇವಲ ಡಂಭವೂ ಅಲ್ಲ. ಅರಸನು ಕಲ್ಲಿನಲ್ಲಿ ಒಬ್ಬನೇ ನಿಲ್ಲುವನು. ಇಲ್ಲಿ ಒಡೆಯನು ಹೆಂಡತಿಯ ಪಕ್ಕದಲ್ಲಿ ಕುಳಿತಿದ್ದಾನೆ, ಅವಳೂ ಅವನಷ್ಟೇ ದೊಡ್ಡವಳು. ಎರಡು ಮನೆತನಗಳು ಕೂಡಿದ ಗುರುತು ಅದು. ಕಲ್ಲಿನ ಶಾಸನವು ಊರಿಗೆಲ್ಲ ಕಾಣಬೇಕೆಂದು ನಿಲ್ಲಿಸಿದುದು. ಈ ಮೂರ್ತಿಗಳನ್ನಾದರೋ ಶವದೊಡನೆ ಕೂಪದ ತಳಕ್ಕಿಳಿಸಿ, ಮೇಲೆ ಮಣ್ಣು ಮುಚ್ಚಿದರು. ಇದ್ದವರು ತಮ್ಮ ಹಿರಿಯರಿಗೆ ಕೊಟ್ಟ ವಸ್ತು ಇದು. ಸತ್ತವರು ಹೋದರೂ ಮನೆಯಲ್ಲಿ ಅವರ ಪಾಲು ಇದೆ, ಊಟದಲ್ಲಿ ಅವರ ಎಡೆ ಇದೆ ಎಂಬ ಭರವಸೆಯನ್ನು ಮಣ್ಣಿನ ಭಾಷೆಯಲ್ಲಿ ಕೊಟ್ಟಿದ್ದಾರೆ.

ಹೀಗೆ ನೋಡಿದಾಗ, ಸಮಾಧಿಯಿಂದ ಮೂರ್ತಿಯನ್ನು ಕಿತ್ತಾಗ ಏನು ಹೋಯಿತೆಂಬುದು ತಿಳಿಯುತ್ತದೆ. ಹೋದದ್ದು ವಿದ್ವಾಂಸರ ಟಿಪ್ಪಣಿಯೊಂದಲ್ಲ, ಅದರ ಅರ್ಥವೇ. ಸ್ಥಳವು ತಪ್ಪಿದ ಮೇಲೆ ಹೆಸರೂ ತಪ್ಪಿತು: ಬಹುಕಾಲದ ವರೆಗೆ ಇವನ್ನು ತರಾಸ್ಕರ ಕಲೆಯೆಂದು ಕರೆಯುತ್ತಿದ್ದರು, ಆ ತರಾಸ್ಕರ ರಾಜ್ಯವಾದರೋ ಸಾವಿರ ವರ್ಷಗಳ ಮೇಲೆ ಹುಟ್ಟಿದುದು. ಮಾರಾಟದ ದಾರಿಯಲ್ಲಿ ಜೋಡಿಗಳು ಅಗಲಿದುವು. ಬೇಡಿಕೆ ಹೆಚ್ಚಿದಂತೆ ಕೃತಕಗಳೂ ಹುಟ್ಟಿದುವು. ಪೂರ್ವದ ವೆರಾಕ್ರೂಸ್ ಪ್ರಾಂತದಲ್ಲಿ ಬ್ರಿಹಿದೋ ಲಾರಾ ಎಂಬವನು ೧೯೭೪ರಲ್ಲಿ ಪ್ರಾಚೀನ ಮೂರ್ತಿಗಳನ್ನು ಕದ್ದನೆಂದು ಸೆರೆಗೆ ಬಿದ್ದಾಗ, ಸೆರೆಮನೆಗೇ ಮಣ್ಣನ್ನು ತರಿಸಿಕೊಂಡು, ಅಂತಹವೇ ಮೂರ್ತಿಗಳನ್ನು ಮಾಡಿ ತೋರಿಸಿ, ಅವು ತನ್ನ ಕೈಕೆಲಸವೆಂದು ರುಜುಪಡಿಸಿದ ಕಥೆ ಪ್ರಸಿದ್ಧವಾಗಿದೆ. ಸೌಂದರ್ಯವೊಂದನ್ನೇ ನಂಬಿದ ರಸಿಕರಿಗೆ ಇದಕ್ಕಿಂತ ತೀಕ್ಷ್ಣವಾದ ಉತ್ತರ ಬೇಕೆ? ಪಶ್ಚಿಮದ ಮೂರ್ತಿಗಳಲ್ಲಿ ನಿಜವನ್ನು ಕೃತಕದಿಂದ ಬೇರ್ಪಡಿಸಲು ರಾಬರ್ಟ್ ಪಿಕರಿಂಗ್ ಎಂಬ ವಿದ್ವಾಂಸನು ಶವದ ಬಳಿ ಬದುಕಿದ ಕೀಟಗಳು ಮಣ್ಣಿನ ಮೇಲೆ ಬಿಟ್ಟುಹೋದ ಕುರುಹುಗಳನ್ನು ಹುಡುಕಬೇಕಾಯಿತು. ಕಲಾವಿಮರ್ಶಕರ ಕಣ್ಣು ಸೋತಲ್ಲಿ ಹುಳುವಿನ ಸಾಕ್ಷ್ಯವು ನಿಂತಿತು.

ರಿವೇರಾನಂತಹ ರಸಿಕರನ್ನು ನಿಂದಿಸುವುದು ನಮ್ಮ ಉದ್ದೇಶವಲ್ಲ. ಅವನ ಪ್ರೀತಿಯಿಲ್ಲದಿದ್ದರೆ ಎಷ್ಟೋ ಮೂರ್ತಿಗಳು ಪರದೇಶಗಳಿಗೆ ಚದರಿಹೋಗುತ್ತಿದ್ದುವು. ೧೯೬೪ರಲ್ಲಿ ತೆರೆದ ಅನವಾಕಾಲ್ಯಿ ಸಂಗ್ರಹಾಲಯದಲ್ಲಿ ಅವನ ಕೂಟವು ಅವನ ದೇಶದ ಜನರಿಗೇ ಉಳಿದಿದೆ. ಮೆಕ್ಸಿಕೋ ಸರಕಾರವು ೧೯೭೨ರ ಶಾಸನದಿಂದ ಪುರಾತನ ವಸ್ತುಗಳ ರಕ್ಷಣೆಯನ್ನು ಬಿಗಿಗೊಳಿಸಿತು. ಆದರೆ ಕೊಳ್ಳುವವನಿರುವವರೆಗೆ ಅಗೆಯುವವನೂ ಇರುವನೆಂಬ ಮಾತು ಕಾನೂನಿಗಿಂತ ಹಳೆಯದು. ನಾವು ಯಾವುದನ್ನು ಸುಂದರವೆಂದು ಮೆಚ್ಚುವೆವೋ ಅದಕ್ಕೆ ಬೆಲೆ ಬರುತ್ತದೆ. ಬೆಲೆ ಬಂದುದನ್ನು ಹುಡುಕಿ ಗುದ್ದಲಿ ಇಳಿಯುತ್ತದೆ. ಆದುದರಿಂದ ಮೆಚ್ಚುವವನಿಗೂ ಒಂದು ಹೊಣೆಯುಂಟು.

ಇಂತಹ ಮೂರ್ತಿಯ ಚಿತ್ರವು ಕಣ್ಣಿಗೆ ಬಿದ್ದಾಗ ಅದರ ಚೆಲುವನ್ನು ಕಂಡು ಸಂತೋಷಪಡುವುದರಲ್ಲಿ ತಪ್ಪೇನೂ ಇಲ್ಲ. ಅದರೊಡನೆ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳೋಣ: ಇದು ಯಾರ ಪಕ್ಕದಲ್ಲಿ ಇತ್ತು? ಹುಯಿತ್ಸಿಲಾಪಾದ ಮೂರ್ತಿಗಳಿಗೆ ಆ ಉತ್ತರವಿದೆ. ಆ ಆರು ಮಂದಿಯ ಹೆಸರು ನಮಗೆ ತಿಳಿಯದಿದ್ದರೂ ಅವರು ಒಂದು ಮನೆಯವರೆಂದು ತಿಳಿಯಿತು. ಅವರ ನಡುವೆ ಇಟ್ಟ ಮಣ್ಣು ಆ ಮನೆಯ ಮಾತಾಯಿತು. ಅಷ್ಟನ್ನು ಹೇಳಬಲ್ಲ ಒಂದು ಸಮಾಧಿಯು, ಗಾಜಿನ ಕಪಾಟಿನಲ್ಲಿ ಒಂಟಿಯಾಗಿ ಹೊಳೆಯುವ ನೂರು ಮೂರ್ತಿಗಳಿಗಿಂತ ಆ ಜನರನ್ನು ನಮಗೆ ಹತ್ತಿರ ತಂದಿದೆ.